ಬೆನ್ನು

ಡ್ರಾಯಿಂಗಿನಲ್ಲಿ ಅದರ ಹೆಸರು ಕೆ-ಹದಿನಾಲ್ಕು.
ಗೋದಾಮಿನ ವಹಿಯಲ್ಲಿ ಮೂರು ಸೊನ್ನೆ ಏಳು ಬಾರ್ ಎರಡು.
ಬಿಲ್ಲಿನಲ್ಲಿ 'ಫೈಬರ್ ಪಟ್ಟಿ, ಇತರೆ'.
ಇನಾಸ ಮೇಸ್ತನ ಬಾಯಲ್ಲಿ ಬರೀ 'ಬೆನ್ನು':
ದೋಣಿ ಕವುಚಿದರೆ ಅದೇ ಮೇಲಲ್ಲವೇ.

ಕಾಸರಕೋಡು ಟೊಂಕದ ಈ ಶೆಡ್ಡಿನಲ್ಲಿ
ನನ್ನ ಕೆಲಸ ಇಷ್ಟೇ,
ನಾಲ್ಕೂ ಒಂದೇ ಎಂದು ಕಂಪ್ಯೂಟರನ್ನು ನಂಬಿಸುವುದು.

ಗುಲಾಬಕ್ಕ ತನ್ನ ನಂಬರು ಬಿಡಳು,
ಹದಿನೇಳು ವರ್ಷದ ಬಾಯಿಪಾಠ.
ಮಂಗಳೂರಿನವರು ಅಳತೆ ತಿದ್ದಿದಾಗೆಲ್ಲ
ಒಂದಕ್ಷರ ಮುಂದೂಡುತ್ತಾರೆ, ಎ, ಬಿ, ಸಿ.
ನಮ್ಮ ಗೋಡೆಯ ಮೇಲಿರುವುದು ಇನ್ನೂ ಎ,
ಅದರ ಮೂಲೆಯಲ್ಲಿ ಚಹದ ಲೋಟದ ಗುರುತು.
ಈ ಉಂಗುರ ಎಲ್ಲಿ ಕೂರುತ್ತದೆ ಅಕ್ಕಾ ಎಂದು
ಹೊಸ ಹುಡುಗನೊಬ್ಬ ಕೇಳಿದ್ದ.

ಮಳೆಗಾಲದ ನಿಷೇಧ ಮುಗಿದು ಮೂರನೇ ವಾರ
ನಲವತ್ತೊಂದನೇ ದೋಣಿ ತಿರುಗಿ ಬಂತು.
ಬೊಮ್ಮಯ್ಯ ತಾಂಡೇಲ ಬೈಯಲಿಲ್ಲ.
ಅಡಿಯ ಬಿರುಕಿನ ಮೇಲೆ ಬೆರಳಾಡಿಸಿದ.
"ಅಳಿವೆಯ ದಿಣ್ಣೆಗೆ ಬಡೀತು. ಎಲ್ಲ ದೋಣಿಯೂ ಬಡೀತಾವೆ.
ಅಣ್ಣನ ಮೂವತ್ತೆಂಟು ಯಾಕೆ ಒಡೀಲಿಲ್ಲ?"

ಕಾಗದದಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.
ಅದೇ ಡ್ರಾಯಿಂಗು, ಅದೇ ರೆಸಿನ್ನು,
ಅದೇ ನನ್ನ ಸಹಿ.

ಎರಡು ದಿನ ಫೈಲು ಕೆದಕಿ
ಮೂರನೇ ದಿನ ಅಚ್ಚಿನ ಕೆಳಗೆ ತೂರಿದೆ.
ಮೊಬೈಲಿನ ಬೆಳಕಿಗೆ ಸೀಮೆಸುಣ್ಣ,
ಇನಾಸನ ಓರೆ ಅಕ್ಷರ:
'ಬೆನ್ನಿಗೆ ಎರಡು ಪದರ ಜಾಸ್ತಿ. ಮರಳು.'

ಮೂವತ್ತೊಂಬತ್ತರ ಹೊತ್ತಿಗೆ ಅವನ ಮೊಣಕಾಲು ಕೈಕೊಟ್ಟಿತ್ತು.
ಹೊಸಬರು ಬಂದಿದ್ದರು,
ಡ್ರಾಯಿಂಗು ಓದಬಲ್ಲವರು.

ಯಾಕೆ ಹೇಳಲಿಲ್ಲ ಎಂದು ಅವನ ಮನೆಗೇ ಹೋಗಿ ಕೇಳಿದೆ.
ಬಲೆಯ ತೂತು ನೋಡುತ್ತಲೇ ಅಂದ,
"ಕೇಳಿದವರು ಯಾರು? ಅಚ್ಚಿಗೆ ಹೇಳಿದ್ದೆ."

ಈಗ ಕೆ-ಹದಿನಾಲ್ಕರ ಮುಂದೆ ಡಿ ಎಂದಿದೆ.
ಅಡ್ಡಹೆಸರು: ಬೆನ್ನು.
ಕಾರಣ: ಮರಳು.
ಸೂಚಿಸಿದವರ ಹುದ್ದೆ ತುಂಬದೆ
ಪರದೆ ಮುಂದೆ ಸರಿಯಲೊಲ್ಲದು.
'ಅಚ್ಚು' ಎಂದು ಹೊಡೆದೆ. ಒಪ್ಪಿಕೊಂಡಿತು.

ಆದರೆ ಮೂವತ್ತೊಂಬತ್ತು, ನಲವತ್ತು
ಇನ್ನೂ ನೀರಿನಲ್ಲಿವೆ.
ಕೊಂಡವರಿರುವುದು ಮಾರಾಟದ ವಹಿಯಲ್ಲಿ,
ಅಲ್ಲಿ ದೋಣಿಗಳಿಗೆ ನಂಬರಿಲ್ಲ,
ಬರೀ ದೇವರ ಹೆಸರು, ಮಕ್ಕಳ ಹೆಸರು.
ಗುಲಾಬಕ್ಕ ಕನ್ನಡಕ ಒರೆಸಿ ಪುಟ ತಿರುವುತ್ತಿದ್ದಾಳೆ.
ಹೊರಗೆ ಗಾಳಿ ತಿರುಗಿದೆ.
ನಾನು ಫೋನು ಹಿಡಿದು ನಿಂತಿದ್ದೇನೆ.