ಎರಡನೇ ಸ್ಲಾಟು

ಕುತಾಯಿಸಿಯ ನೆಲಮಾಳಿಗೆ ನನ್ನದು. ರೊಟ್ಟಿಯಂಗಡಿ ವಾಝಾ
ಕಂಪ್ಯೂಟರನ್ನು ಕೂಸಿನಂತೆ ಎತ್ತಿ ತಂದ:
"ನೆನಪೇ ನಿಲ್ಲೋದಿಲ್ಲ ಇದಕ್ಕೆ, ಎತೆರಿ.
ಸಾಲದ ಲೆಕ್ಕ ತೆಗೆದರೆ ಸಾಕು, ನೀಲಿ ಪರದೆ."

ಎರಡು ರ‍್ಯಾಮ್. ಒಂದನ್ನು ಕಿತ್ತಿಟ್ಟೆ,
ಹೊನ್ನಹಲ್ಲುಗಳನ್ನು ಮಗಳ ರಬ್ಬರಿನಲ್ಲಿ ಉಜ್ಜಿದೆ.
ರಾತ್ರಿಯಿಡೀ ಪರೀಕ್ಷೆ ಓಡಿತು; ಒಂದೂ ತಪ್ಪಿಲ್ಲ.
ಅದಲುಬದಲು ಮಾಡಿದೆ. ಅದಕ್ಕೂ ಇಲ್ಲ.
ಜೋಡಿಯಾಗಿ ಕೂರಿಸಿದರೆ ಮಾತ್ರ
ಮೂರು ಸಲ ಕೀರಲು ಕೂಗು.

ನಸುಕಿನಲ್ಲಿ ಟಾರ್ಚು ಹಿಡಿದು ಬಗ್ಗಿದೆ:
ಎರಡನೇ ಸ್ಲಾಟಿನ ಸಂದಿಯ ತುಂಬ
ಗೋಧಿ ಹಿಟ್ಟು.
ನೆನಪು ಸರಿಯಾಗೇ ಇತ್ತು, ಪಾಪ,
ಕೂರಲು ಜಾಗವಿರಲಿಲ್ಲ.

ಕುಂಚದಲ್ಲಿ ಗುಡಿಸಿದೆ. ತೆರೆಯಿತು ಲೆಕ್ಕ,
ಇಡೀ ಕೇರಿಯ ಹೆಸರು;
ಏಳನೆಯದು ನನ್ನದು. ಹನ್ನೊಂದು ರೊಟ್ಟಿ.

ಸ್ವಲ್ಪ ಹೊತ್ತು
ಕುಂಚದ ಮೇಲಿನ ಹಿಟ್ಟನ್ನೇ
ನೋಡುತ್ತ ಕೂತೆ.