ರಸೀದಿ ಸಂಖ್ಯೆ ೪೪೧೭

ರೂವಿಯಲ್ಲಿ ತಿಂಗಳ ಕೊನೆಯ ಗುರುವಾರ.
ಎಕ್ಸ್‌ಚೇಂಜಿನ ಗಾಜಿನ ಬಾಗಿಲಿಗೆ ಮುಚ್ಚಿಕೊಳ್ಳಲು ಪುರುಸೊತ್ತಿಲ್ಲ.
ಸಾಲಿನಲ್ಲಿ ಬೆವರು, ಯಾರದೋ ಅಂಗಿಯ ಬಖೂರು,
ನಾಲ್ಕಾಗಿ ಮಡಚಿದ ರಿಯಾಲು.

ಮಹಡಿಯ ಮೇಲೆ ನಾನು,
ನನ್ನೆದುರು ನಾನೇ ಬರೆದ ನಲವತ್ತು ಸಾಲು.
ಬಿಗಿನ್ ಎಂದರೆ ಉಸಿರು ಹಿಡಿದಂತೆ:
ಇಲ್ಲಿ ಕಳೆ, ಅಲ್ಲಿ ಕೂಡು,
ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಬೇಡ.
ಕಮಿಟ್ ಆಗುವತನಕ
ಇದು ಯಾರಿಗೂ ಹೇಳಬಾರದ ಮಾತು.

ಹೇಳಿಬಿಟ್ಟಿದ್ದೆ.

ಇಪ್ಪತ್ತೇಳನೇ ಸಾಲಿನಲ್ಲಿ ಮೆಸೇಜು,
ಮೂವತ್ತೊಂದರಲ್ಲಿ ಕಮಿಟ್.
ನಡುವೆ, ಹಮ್ರಿಯಾದ ಗಲ್ಲಿಯಲ್ಲಿ ಎದುರಾದ
ಎರಡು ನೀರಿನ ಟ್ಯಾಂಕರಿನಂತೆ,
ನೀನು ಸರಿ, ನೀನೇ ಸರಿ ಎಂದು ನಿಂತ ಎರಡು ವ್ಯವಹಾರ.
ಡೇಟಾಬೇಸು ಒಂದನ್ನು ಆರಿಸಿ ಹಿಂದಕ್ಕೆ ದಬ್ಬಿತು.
ಹಸನಬ್ಬನ ನೂರಿಪ್ಪತ್ತು ರಿಯಾಲು
ಒಂದು ಬೈಸೆಯೂ ಕೊಸರದೆ ಅವನ ಖಾತೆಗೇ ವಾಪಸು.
ಕಂಪನಿ ಬಸ್ಸು ಹಾರ್ನ್ ಹಾಕಿತೆಂದು
ಯಂತ್ರದ ಪರದೆ ನೋಡದೆ ಅವನು ಓಡಿದ್ದ.
ಲೆಕ್ಕದ ಪ್ರಕಾರ, ಏನೂ ಆಗಿಲ್ಲ.

ಗುರುಪುರದಲ್ಲಿ ಫೋನು ಟಿಣ್ ಎಂದಿತ್ತು.
ಮರುದಿನ ನೆಬಿಸಾ, ಮಗಳ ಫೀಸಿನ ಚೀಟಿ ಹಿಡಿದು,
ಎರಡು ಬಸ್ಸು ಬದಲಿಸಿ ಬ್ಯಾಂಕಿಗೆ ಹೋಗಿ
ಪಾಸ್‌ಬುಕ್ಕನ್ನು ಎರಡೆರಡು ಸಲ ಯಂತ್ರಕ್ಕೆ ಕೊಡಿಸಿ
ಹಾಗೇ ಮರಳಿದ್ದಳು.

ಶನಿವಾರ ಅವನು ಬಂದ. ಬೈಯಲಿಲ್ಲ.
"ದುಡ್ಡು ಇಲ್ಲೇ ಉಂಟಲ್ಲ ಅಕ್ಕ, ಅದು ಬಿಡಿ.
ಅವಳು ಹೋಗಿ ಬಂದದ್ದನ್ನು ವಾಪಸು ಮಾಡ್ಲಿಕ್ಕೆ ಆಗ್ತದಾ?"

ಮೆಸೇಜಿನ ಸಾಲನ್ನು ಕೆಳಗಿಳಿಸಿದೆ.
ಮೊದಲು ಕಮಿಟ್, ಆಮೇಲೆ ಮಾತು.
ಬಿದ್ದರೆ ಮೂರು ಸಲ ಮತ್ತೆ ಏಳು.
ಬೀಗ ಹಿಡಿದುಕೊಂಡು ಹೊರಗಿನವರ ಉತ್ತರಕ್ಕೆ ಕಾಯಬೇಡ:
ಇಷ್ಟನ್ನು ಕಾಮೆಂಟಿನಲ್ಲೂ ಬರೆದಿಟ್ಟೆ, ಮುಂದೆ ಬರುವ ಹುಡುಗರಿಗೆ.
ಕೆಲಸ ಎಂದರೆ ಹನ್ನೊಂದು ನಿಮಿಷದ್ದು.

ವರ್ಷದ ಕೊನೆಗೆ ಆಡಿಟರ್ ಖಲ್ಫಾನ್
ಕನ್ನಡಕ ಹಣೆಗೇರಿಸಿ ಕೇಳಿದರು:
ಹದಿನಾರು ಇದೆ, ಹದಿನೆಂಟು ಇದೆ,
ನಡುವಿನ ರಸೀದಿ ಎಲ್ಲಿ?
ಹಿಂದೆ ಸರಿದ ವ್ಯವಹಾರ ಎಲ್ಲವನ್ನೂ ಮರಳಿಸುತ್ತದೆ ಸಾರ್,
ತೆಗೆದುಕೊಂಡ ಸಂಖ್ಯೆಯೊಂದನ್ನು ಬಿಟ್ಟು.
ಅದು ಹಾಗೇ, ತಪ್ಪಲ್ಲ, ಎಂದೆ;
ತಪ್ಪಲ್ಲ ಎಂದು ಇನ್ನೊಮ್ಮೆ ಯಾಕೆ ಹೇಳಿದೆನೋ.

ಅವರು ಪೆನ್ಸಿಲಿನಲ್ಲಿ ಸಣ್ಣ ಸೊನ್ನೆ ಸುತ್ತಿ
ಹಾಳೆ ಮಗುಚುತ್ತ ಅಂದರು: "ಮಾಫಿ."

ಈ ಊರಲ್ಲಿ ಅದಕ್ಕೆ 'ಇಲ್ಲ' ಎಂದಷ್ಟೇ ಅರ್ಥ.
ಹದಿಮೂರು ವರ್ಷದಿಂದ ಗೊತ್ತು ನನಗೆ.
ಆದರೂ ಅವತ್ತು ನನ್ನ ಕಿವಿ
ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡಿತು.