ಎಪ್ಪತ್ತು ಡಬ್ಬಿಗೆ ಒಂದು ಕಿಲೊ

ಜುವಾರಿನಗರದ ಕನ್ನಡ ಶಾಲೆ, ಆರನೆಯ ತರಗತಿ,
ತಗಡಿನ ಮಾಡಿನ ಕೆಳಗೆ ಮೂವತ್ತೊಂದು ತಲೆ.
ಹಲಗೆಯ ಮೇಲೆ ಬರೆದೆ: ಅಲ್ಯೂಮಿನಿಯಂ.
‘ಯಂ’ ಬರೆಯುವಾಗ ಸೀಮೆಸುಣ್ಣ ಮುರಿಯಿತು.

‘ಮೊದಲು ಮಣ್ಣು,’ ಎಂದೆ. ‘ನಮ್ಮ ಅಂಗಳದ್ದರ ಹಾಗೇ ಕೆಂಪು.
ಕುದಿಸಿ, ಸೋಸಿ, ಬಿಳಿ ಪುಡಿ ಮಾಡಿ,
ಕರಗಿಸಿ ಕರೆಂಟು ಹಾಯಿಸಿದರೆ
ತಳದಲ್ಲಿ ಬೆಳ್ಳಿಯಂಥ ನೀರು.
ಆಮೇಲೆ ಹಾಳೆ. ಹಾಳೆಯಿಂದ ಬಿಲ್ಲೆ,
ಬಿಲ್ಲೆ ಗುದ್ದಿದರೆ ಬಟ್ಟಲು,
ಬಟ್ಟಲನ್ನು ಉಂಗುರದೊಳಗೆ ದೂಡಿ ದೂಡಿ—’

‘ಚಪಾತಿ ಲಟ್ಟಿಸಿದಂಗ?’ ಕೇಳಿದ ಹಜರತ್.
‘ಚಪಾತಿ ಅಗಲ ಆಗ್ತದ, ಇದು ಉದ್ದ ಆಗ್ತದ,’
ನನಗಿಂತ ಮೊದಲೇ ತಿದ್ದಿದಳು ನೀಲವ್ವ,
ಬೈನಾ ದಂಡೆಯಲ್ಲಿ ಭಾನುವಾರ ಚೀಲ ಹೊರುವವಳು.

ಗೋಡೆ ಕೂದಲೆಳೆಯಷ್ಟು ತೆಳು, ಎಂದೆ.
‘ಕೊಯ್ತದರೀ,’ ಎಂದು ಬೆರಳು ತೋರಿಸಿದಳು.
ತಳ ಯಾಕೆ ಒಳಗೆ ಬಾಗಿದೆ, ಹೇಳಿ ನೋಡೋಣ?
ಯಾರೂ ಹೇಳಲಿಲ್ಲ.
ಗ್ಯಾಸಿನ ಒತ್ತಡ, ಕಮಾನು, ಸೇತುವೆ: ಚಿತ್ರ ಬರೆದೆ.
ಆ ಒಂದು ಗೆಲುವಿಗೆ ಎರಡಿಂಚು ಎತ್ತರವಾದೆ.

ಆಯಸ್ಕಾಂತಕ್ಕೆಂದು ಡ್ರಾಯರು ಎಳೆಯುವಷ್ಟರಲ್ಲಿ
ಅವಳದೇ ಹೊರಬಂತು, ಒಡೆದ ಸ್ಪೀಕರಿನದು, ಲಂಗದ ಜೇಬಿನಿಂದ.
‘ಅಂಟಿದ್ರ ಕಬ್ಬಣ, ಅಗ್ಗ.
ಅಂಟಲಿಲ್ಲಂದ್ರ ಇದು. ಎಪ್ಪತ್ತು ಡಬ್ಬಿಗೆ ಒಂದು ಕಿಲೊ.
ಕೆಲವ್ರು ಒಳಗ ಉಸುಕು ತುಂಬ್ತಾರ್ರೀ, ತೂಕಕ್ಕ.
ಗುಜರಿ ಲಾರೆನ್ಸ ಕಿವಿ ಹತ್ರ ಅಲ್ಲಾಡಿಸಿ ನೋಡ್ತಾನ.’

ಉಸುಕು ಕುಲುಮೆಗೆ ಬಿದ್ದರೆ ಏನಾಗುತ್ತದೆ?
ಪುಸ್ತಕದಲ್ಲಿ ಇರಲಿಲ್ಲ.
ಕಿಟ್ಟವಾಗುತ್ತದೆ ಎಂದೆ, ಅರ್ಧ ಊಹೆ.

ಪಾಠ ಮುಗಿಸುವ ವಾಕ್ಯ ರಾತ್ರಿಯೇ ಸಿದ್ಧವಿತ್ತು:
‘ಮಣ್ಣಿನಿಂದ ಮಾಡಲು ನೂರು ರೂಪಾಯಿಯ ಕರೆಂಟು ಬೇಕಾದರೆ
ಹಳೆಯದನ್ನು ಕರಗಿಸಲು ಐದೇ ಸಾಕು.
ಎಷ್ಟು ಸಲ ಕರಗಿಸಿದರೂ ಇದಕ್ಕೆ ಮುಪ್ಪಿಲ್ಲ.’

‘ಉಳಿದ ತೊಂಬತ್ತೈದು
ಯಾರ ಕಿಸೇಕ್ಕ ಹೋಗ್ತಾವರೀ?’ ಎಂದಳು ನೀಲವ್ವ.

ಗಂಟೆ ಹೊಡೆಯಿತು. ನನ್ನ ಪುಣ್ಯ.

ಎಲ್ಲರೂ ಊಟಕ್ಕೆ ಓಡಿದ ಮೇಲೆ
ಮೇಜಿನ ಮೇಲೆ ತಂದಿಟ್ಟಳು ಒಂದು ಡಬ್ಬಿ,
ಬಿಯರಿನದು, ತೊಳೆದದ್ದು, ಹಿಮ್ಮಡಿಯಲ್ಲಿ ಚಪ್ಪಟೆ ಮಾಡಿದ್ದು.

‘ಪಾಠಕ್ಕ ಬೇಕಾಗ್ತದಂತ ತಂದಿದ್ನಿ.
ಎಲ್ಲಾರ ಮುಂದ ತೆಗೀಲಿಲ್ಲ.
ನಿಮ್ಮ ಮನೀ ಹಿಂದ, ಗಟಾರದಾಗ ಸಿಕ್ಕಿತ್ರೀ ಸರ್.
ಗಟಾರಕ್ಕ ಒಗೀಬ್ಯಾಡ್ರಿ.
ಕಟ್ಟೀ ಮ್ಯಾಲ ಇಡ್ರಿ,
ಶನಿವಾರ ನಾನಽ ಬರ್ತೀನಿ.’